ದೋಣಿಯ ಹೆಸರು ಬರೆದಿಲ್ಲ

ನನ್ನ ಕಪಾಟಿನಲ್ಲಿ ಉಪ್ಪುನೀರು ಕುಡಿದು ಉಬ್ಬಿದ ಹನ್ನೊಂದು ನೋಟುಬುಕ್ಕುಗಳಿವೆ. ಬಲೆಗೆ ಸಿಕ್ಕ ಡಾಲ್ಫಿನ್‌ನಂಥ ಕಡಲ ಪ್ರಾಣಿಗಳ ಲೆಕ್ಕಕ್ಕೆ ಒಂದೊಂದು ಹಾಳೆಯಲ್ಲೂ ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದ್ದೇನೆ. ದಿನಾಂಕ, ಹೊತ್ತು, ಜಿಪಿಎಸ್ ಅಂಕಿ, ನೀರಿನ ಆಳ, ಬಲೆಯ ಬಗೆ, ಬಲೆಯ ಕಣ್ಣಿನ ಅಳತೆ, ಪ್ರಾಣಿಯ ಉದ್ದ, ಗಂಡೋ ಹೆಣ್ಣೋ. ಇವೆಲ್ಲ ತುಂಬಿವೆ. ಕೊನೆಯ ಕಾಲಂನ ತಲೆಯಲ್ಲಿ ‘ದೋಣಿಯ ಹೆಸರು’ ಎಂದಿದೆ, ಕೆಳಗೆ ಒಂದಕ್ಷರವೂ ಇಲ್ಲ. ಮೊದಲ ಎರಡು ಪುಸ್ತಕಗಳಲ್ಲಿ ಅದು ಖಾಲಿ ಉಳಿದದ್ದು ಯಾರೂ ನನಗೆ ಹೇಳದೇ ಇದ್ದುದರಿಂದ. ಆಮೇಲಿನ ಒಂಬತ್ತರಲ್ಲಿ ಖಾಲಿ ಉಳಿದದ್ದು ನನಗೆ ಗೊತ್ತಿದ್ದುದರಿಂದ. ಈ ಎರಡರ ನಡುವೆ ನಡೆದದ್ದೇ ನನ್ನ ಇಪ್ಪತ್ತು ವರ್ಷದ ಕೆಲಸ.

ನಾನು ಘಟ್ಟದ ಮೇಲಿನವಳು. ಸಿರ್ಸಿಯಿಂದ ಒಳಗೆ ಅಡಿಕೆ ತೋಟದ ನಡುವಿನ ಮನೆ, ಮೀನು ಎಂದೂ ಒಲೆಯ ಹತ್ತಿರ ಬಾರದ ಮನೆ. ಸಮುದ್ರ ಅಂದರೆ ಗೋಕರ್ಣಕ್ಕೆ ಹೋದಾಗ ಕಾಲು ನೆನೆಸಿಕೊಂಡು ಬರುವ ಜಾಗ. 2003ರಲ್ಲಿ ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗಕ್ಕೆ ಎಂ.ಎಸ್ಸಿ.ಗೆ ಸೇರಿದೆ. ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ಲವಕಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತ, ಉಪನ್ಯಾಸಕಿಯಾಗಿ ಎಲ್ಲಾದರೂ ನೆಲೆ ನಿಲ್ಲಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ. ತಿಮಿಂಗಿಲ, ಡಾಲ್ಫಿನ್ ನಮ್ಮ ಪಾಠದಲ್ಲಿ ಕೆಲವೇ ಪುಟ.

ಎರಡನೇ ವರ್ಷದ ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಹೊಸತು. ಮಾಜಾಳಿ ಕಡೆಯ ದಂಡೆಯಲ್ಲಿ ಏನೋ ಬಿದ್ದಿದೆ ಅಂತ ಸುದ್ದಿ ಬಂತು. ನಮ್ಮ ಸರ್ ಜೊತೆ ಅಳತೆಯ ಟೇಪು ಹಿಡಿದುಕೊಂಡು ಹೋದೆ. ಮರಳಿನ ಮೇಲೆ ಕಪ್ಪಗೆ, ನುಣ್ಣಗೆ, ನನ್ನ ಭುಜದೆತ್ತರದಷ್ಟು ಉದ್ದದ ಪ್ರಾಣಿ. ದುಂಡು ತಲೆ, ಮೂತಿ ಇಲ್ಲ, ಬೆನ್ನ ಮೇಲೆ ರೆಕ್ಕೆಯೂ ಇಲ್ಲ. ರೆಕ್ಕೆ ಇರಬೇಕಾದಲ್ಲಿ ಸಣ್ಣ ಸಣ್ಣ ಗಂಟುಗಳ ಒಂದು ದಿಂಡು. ಫಿನ್‌ಲೆಸ್ ಪಾರ್ಪಾಯಿಸ್, ಅಂದರೆ ಬೆನ್ನುರೆಕ್ಕೆಯಿಲ್ಲದ ಕಡಲಹಂದಿ. ಸರ್ ಬಾಯಿ ಬಿಡಿಸಿ ಹಲ್ಲು ತೋರಿಸಿದರು. ಡಾಲ್ಫಿನ್ನಿನ ಹಲ್ಲು ಮೊಳೆಯಂತೆ ಚೂಪು, ಇದರದ್ದು ಪುಟ್ಟ ಸಲಿಕೆಯಂತೆ ಚಪ್ಪಟೆ. ಬದುಕಿದ್ದಾಗ ಇದು ಬೂದು ಬಣ್ಣದ್ದು, ಸತ್ತ ಮೇಲೆ ಕಪ್ಪಾಗುತ್ತದೆ. ಸತ್ತವನ್ನೇ ನೋಡಿ ವರ್ಣಿಸಿದ ಹಳೆಯ ವಿಜ್ಞಾನಿಗಳು ಇದನ್ನು ಕರಿಯ ಪ್ರಾಣಿ ಅಂತಲೇ ಬರೆದಿಟ್ಟಿದ್ದರಂತೆ.

ಮೇಲ್ದವಡೆಯ ತುದಿಯಿಂದ ಬಾಲದ ನಡುಗಚ್ಚಿನವರೆಗೆ ಅಳೆಯಬೇಕು, ಅದು ನಿಯಮ. ಆದರೆ ಬಾಲವೇ ಇರಲಿಲ್ಲ. ಯಾರೋ ಕತ್ತಿಯಲ್ಲಿ ಕಡಿದಿದ್ದರು. ಎದೆರೆಕ್ಕೆಯ ಬುಡದಲ್ಲಿ, ಕುತ್ತಿಗೆಯ ಸುತ್ತ ದಾರದಷ್ಟು ತೆಳುವಾದ ಗೀರುಗಳು. “ಬಲೆ. ಬಾಲಕ್ಕೆ ಬಲೆ ಸುತ್ತಿಕೊಂಡಾಗ ಬಲೆ ಉಳಿಸಿಕೊಳ್ಳಲಿಕ್ಕೆ ಬಾಲ ಕಡಿತಾರೆ,” ಅಂದರು ಸರ್. ಹೊಟ್ಟೆಯಡಿ ಹೆಣ್ಣಿನ ಗುರುತು ಹುಡುಕಿದೆವು. ಸೀಳಿನ ಎರಡೂ ಪಕ್ಕ ಮೊಲೆಯ ಚಿಕ್ಕ ಸೀಳುಗಳಿದ್ದವು. ಸರ್ ಮೆಲ್ಲಗೆ ಒತ್ತಿದರು, ಹಾಲು ಬಂತು.

ಆ ಹಾಲು ನನ್ನ ಕೈಗವಸಿನ ಮೇಲೆ ಬಿತ್ತು. ಎಲ್ಲೋ ಆ ನೀರಿನಲ್ಲೇ ಒಂದು ಮರಿ ಇತ್ತು, ಹಾಲು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮರಿ. ನಾನು ಎದ್ದು ನಿಂತು ಸಮುದ್ರ ನೋಡಿದೆ. ಅಲೆ ಬಿಟ್ಟರೆ ಏನೂ ಕಾಣಲಿಲ್ಲ. ಪ್ಲವಕದ ಕೆಲಸ ಅಲ್ಲಿಗೆ ಮುಗಿಯಿತು ಅಂತ ಆಗ ನನಗೆ ಗೊತ್ತಾಗಲಿಲ್ಲ, ಆದರೆ ಮುಗಿದಿತ್ತು.

ವಾರದ ಕೊನೆಗೆ ಊರಿಗೆ ಹೋದಾಗ ಅಮ್ಮ ಅಂಗಳದಲ್ಲೇ ತಡೆದಳು. “ತಂಗಿ, ಎಂತ ಮುಟ್ಟಿಕಂಡು ಬಂದ್ಯೇ? ಮೊದ್ಲು ಮಿಂದ್ಕಂಡು ಬಾ.” ಆ ಪ್ರಾಣಿಗಳ ಕೊಬ್ಬಿನ ವಾಸನೆ ಸಾಬೂನಿಗೆ ಹೋಗುವುದಿಲ್ಲ, ಕೂದಲಲ್ಲಿ ಉಳಿಯುತ್ತದೆ. ಬಚ್ಚಲಲ್ಲಿ ಅಮ್ಮ ತಾನೇ ಸೀಗೆಪುಡಿ ಹಚ್ಚಿ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಕೇಳಿದಳು, ನಾನು ಹಾಲಿನ ಸಂಗತಿ ಹೇಳಿದೆ. ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಈ ಕೆಲಸ ಬೇಡ ಅಂತ ಅವಳು ಯಾವತ್ತೂ ಹೇಳಲಿಲ್ಲ. ಅಪ್ಪನ ಎದುರು, ನೆಂಟರ ಎದುರು ನನ್ನ ಪರ ನಿಂತವಳು ಅವಳೇ.

ಈ ಜೀವಗಳ ಸಂತಾನದ ಲೆಕ್ಕ ತಿಳಿದರೆ ಒಂದು ಸಾವು ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ. ಬಂಗಡೆ, ತಾರ್ಲೆಯಂಥ ಮೀನುಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಕಡಲಹಂದಿಗೆ ಸುಮಾರು ಹನ್ನೊಂದು ತಿಂಗಳ ಬಸಿರು, ಹೆರಿಗೆಗೆ ಒಂದೇ ಮರಿ. ನಮ್ಮ ಕರಾವಳಿಯ ಇನ್ನೊಂದು ಪ್ರಾಣಿ, ಗೂನುಬೆನ್ನಿನ ಹಂಪ್‌ಬ್ಯಾಕ್ ಡಾಲ್ಫಿನ್, ಹತ್ತು ವರ್ಷದ ಸುಮಾರಿಗೆ ಪ್ರಾಯಕ್ಕೆ ಬರುತ್ತದೆ, ಮೂರು ವರ್ಷಕ್ಕೊಮ್ಮೆ ಒಂದು ಮರಿ ಹಾಕಿದರೆ ಹೆಚ್ಚು. ಹಾಲಿನ ಬಗ್ಗೆ ಇನ್ನೊಂದು ಮಾತಿದೆ. ಹೊಲದಿಂದ, ಕಾರ್ಖಾನೆಯಿಂದ ಹರಿದು ಬಂದ ಡಿಡಿಟಿಯಂಥ ವಿಷಗಳು ಇವುಗಳ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂಡಿಕೊಳ್ಳುತ್ತವೆ. ಹೆಣ್ಣು ಮೊದಲ ಸಲ ಹೆತ್ತಾಗ ಆ ವಿಷದ ದೊಡ್ಡ ಪಾಲು ಹಾಲಿನ ಮೂಲಕ ಚೊಚ್ಚಲು ಮರಿಗೆ ಹೋಗುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ಸಣ್ಣ ಸಂಶೋಧನಾ ಸಹಾಯಕಿಯ ಕೆಲಸ ಹಿಡಿದೆ. ಮಾಜಾಳಿಯಿಂದ ಹೊನ್ನಾವರದ ಕಾಸರಕೋಡಿನವರೆಗೆ ದಂಡೆ ನಡೆದು, ಬಿದ್ದ ಪ್ರಾಣಿಗಳ ಲೆಕ್ಕ ಇಡುವುದು. ಬದುಕಿದ್ದರೆ 1, ಈಗಷ್ಟೇ ಸತ್ತಿದ್ದರೆ 2, ಕೊಳೆಯತೊಡಗಿದ್ದರೆ 3, ಪೂರ್ತಿ ಕೊಳೆತಿದ್ದರೆ 4, ಒಣಗಿ ಎಲುಬಾಗಿದ್ದರೆ 5. ಹೊಟ್ಟೆಯೊಳಗೆ ಸಿಗುವ ಮೀನಿನ ಕಿವಿಗಲ್ಲು ನೋಡಿ ಏನು ತಿಂದಿತ್ತು ಅಂತ ಹೇಳಬಹುದು. ಹಲ್ಲನ್ನು ತೆಳ್ಳಗೆ ಕೊಯ್ದು ಒಳಗಿನ ಪದರ ಎಣಿಸಿದರೆ ವಯಸ್ಸು ಸಿಗುತ್ತದೆ, ಮರದ ಉಂಗುರ ಎಣಿಸಿದ ಹಾಗೆ. ಶಾಸ್ತ್ರವೆಲ್ಲ ಸರಿ. ಆದರೆ ಅದರ ತಳದಲ್ಲೇ ಒಂದು ತೂತು ಇತ್ತು. ಸತ್ತವುಗಳಲ್ಲಿ ಎಷ್ಟು ದಡಕ್ಕೆ ಬರುತ್ತವೆ? 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸಿಡಿದ ಮೇಲೆ ವಿಜ್ಞಾನಿಗಳು ಹಳೆಯ ಲೆಕ್ಕಗಳನ್ನೆಲ್ಲ ಇಟ್ಟುಕೊಂಡು ನೋಡಿದರು. ಅಲ್ಲಿ ಸತ್ತ ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಸರಾಸರಿ ಶೇ 2ರಷ್ಟು ಮಾತ್ರ ದಡದಲ್ಲಿ ಸಿಕ್ಕಿದ್ದವು. ಉಳಿದದ್ದು ಮುಳುಗುತ್ತದೆ, ಶಾರ್ಕ್ ತಿನ್ನುತ್ತದೆ, ಪ್ರವಾಹ ಎಲ್ಲೋ ಒಯ್ಯುತ್ತದೆ. ನಮ್ಮ ದಂಡೆಗೆ ಆ ಅಂಕಿಯನ್ನೇ ಹಚ್ಚುವಂತಿಲ್ಲ, ಇಲ್ಲಿನ ಪ್ರಾಣಿಗಳು ದಡಕ್ಕೆ ಹತ್ತಿರ ಇರುವಂಥವು. ಆದರೂ ನಾನು ನಡೆದು ನಡೆದು ಎಣಿಸುತ್ತಿದ್ದುದು ಮನೆಯ ಹೊಸಿಲಿಗೆ ಬಂದದ್ದನ್ನು ಮಾತ್ರ. ಮನೆಯೊಳಗೆ ಏನಾಗುತ್ತಿದೆ ಅಂತ ಬಲ್ಲವರು ಬಲೆ ಎಳೆಯುವವರು.

ಅವರನ್ನು ಕೇಳಲು ಹೋದೆ. ಮೂವತ್ತೆರಡು ಪ್ರಶ್ನೆಗಳ ಛಾಪಿಸಿದ ಹಾಳೆ, ಕ್ಲಿಪ್ ಹಾಕಿದ ಹಲಗೆ, ಕುತ್ತಿಗೆಗೆ ಗುರುತಿನ ಚೀಟಿ. ಹದಿನಾಲ್ಕನೇ ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ನಿಮ್ಮ ಬಲೆಯಲ್ಲಿ ಎಷ್ಟು ಡಾಲ್ಫಿನ್ ಸತ್ತಿವೆ? ಬೈತಖೋಲ, ಅಂಕೋಲಾ, ತದಡಿ, ಹೊನ್ನಾವರ, ಎಲ್ಲಿ ಕೇಳಿದರೂ ಒಂದೇ ಉತ್ತರ, ಒಂದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೆ ಡಾಲ್ಫಿನ್, ತಿಮಿಂಗಿಲಗಳೂ ಇವೆ. ಬೇಕೆಂದು ಹಿಡಿಯುವವರು ನಮ್ಮ ಕಡೆ ಇಲ್ಲ. ರಾತ್ರಿ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎಳೆದಾಗ ಸತ್ತು ಬಂದರೆ ಮಾಡುವುದೇನು? ದಡಕ್ಕೆ ತಂದರೆ ಪೊಲೀಸು, ಅರಣ್ಯ ಇಲಾಖೆ, ಕೋರ್ಟು ಅಂತ ಹೆದರಿಕೆ. ಅಲ್ಲೇ ಬಿಟ್ಟು ಬರುತ್ತಾರೆ. ಹಾಳೆ ಹಿಡಿದು ಬಂದ ಘಟ್ಟದ ಮೇಲಿನ ಹುಡುಗಿಗೆ ಅದನ್ನು ಯಾರು ಹೇಳಿಯಾರು?

ನನ್ನನ್ನು ಮೊದಲು ಹತ್ತಿರ ಬಿಟ್ಟುಕೊಂಡವರು ಮೀನು ಮಾರುವ ಹೆಂಗಸರು. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿಯ ಹಿಂದೆ ಕುಳಿತ ಬಾಯಿಯರ ಪಕ್ಕ ಬೆಳಿಗ್ಗೆ ಹೋಗಿ ಕೂರುತ್ತಿದ್ದೆ, ಯಾವ ಮೀನು ಎಲ್ಲಿಂದ ಬಂತು ಅಂತ ಬರೆದುಕೊಳ್ಳುತ್ತಿದ್ದೆ. ನಾನು ಮೀನು ತಿನ್ನುವುದಿಲ್ಲ ಅಂತ ತಿಳಿದು ಅವರಿಗೆ ಪಾಪ ಅನಿಸಿತು. ಒಬ್ಬ ಅಜ್ಜಿ ದಿನಾ ಎರಡು ಬಾಳೆಹಣ್ಣು ತಂದುಕೊಡುತ್ತಿದ್ದಳು. ಯಾರ ಬಲೆ ಹರಿಯಿತು, ಯಾರಿಗೆ ಸಾಲ ಏರಿತು, ಯಾರ ಮನೆಯಲ್ಲಿ ಮೂರು ದಿನದಿಂದ ಮಾತಿಲ್ಲ, ಎಲ್ಲ ಅವರಿಗೆ ಗೊತ್ತು. ಡಾಲ್ಫಿನ್ ಎಂಬ ಶಬ್ದ ಬಾರದೆಯೇ ಅದರ ಕತೆ ಅಲ್ಲಿ ಬರುತ್ತಿತ್ತು. ಆ ಅಜ್ಜಿಯೇ ತನ್ನ ತಮ್ಮನ ಹತ್ತಿರ ಕಳಿಸಿದಳು. ಐವತ್ತು ದಾಟಿದ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ಮೊದಲು ರಂಪಣಿಯ ತಂಡದಲ್ಲಿದ್ದವರು. ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆ, ಕಡಲಲ್ಲೇ ಸುತ್ತುಬಲೆ ಹಾಕುವ ಪರ್ಸಿನ್ ಬೋಟುಗಳು ಬಂದ ಮೇಲೆ ಮೂಲೆಗೆ ಬಿತ್ತು. ಆಮೇಲೆ ಅವರು ನಾಡದೋಣಿಗೆ ಎಂಜಿನ್ ಹಾಕಿಸಿ ಗಿಲ್‌ನೆಟ್ ಬಿಡುತ್ತಿದ್ದರು, ನೀರಿನಲ್ಲಿ ಗೋಡೆಯಂತೆ ನಿಲ್ಲುವ ತೆಳು ನೈಲಾನಿನ ಬಲೆ.

ಅವರು ನನ್ನ ಹಾಳೆಯನ್ನು ಪೂರ್ತಿ ಓದಿ ಮಡಿಸಿ ವಾಪಸು ಕೊಟ್ಟರು. “ಅಕ್ಕೋರೆ, ನೀವೆಲ್ಲ ಸತ್ತದ್ದನ್ನ ಕೇಳೂಕೆ ಬತ್ರಿ. ಬದ್ಕಿದ್ದನ್ನ ಕೇಳಿ, ಹೇಳ್ತೆ.”

ಹಾಳೆಯನ್ನು ಚೀಲಕ್ಕೆ ಹಾಕಿದೆ. ಮತ್ತೆಂದೂ ತೆಗೆಯಲಿಲ್ಲ. ಎರಡು ವರ್ಷ ಅವರ ದೋಣಿಯಲ್ಲಿ ಹೋದೆ, ಬದುಕಿದ್ದನ್ನು ಮಾತ್ರ ಕೇಳಿದೆ. ಅವರು ಹೇಳಿದ್ದನ್ನು ಬರೆದುಕೊಂಡೆ, ನೋಡಿದೆ, ತಾಳೆ ಹಾಕಿದೆ. ಕಾಳಿ ನದಿ ಕಡಲು ಸೇರುವ ಬಾಯಲ್ಲಿ ಇಳಿತ ಶುರುವಾದಾಗ ಡಾಲ್ಫಿನ್‌ಗಳು ಬಂದು ನಿಲ್ಲುತ್ತವೆ, ಹೊಳೆಯಿಂದ ಹೊರಬರುವ ಶೇವ್ಟೆ ಮೀನಿಗಾಗಿ. ಹಂಪ್‌ಬ್ಯಾಕ್ ಡಾಲ್ಫಿನ್ ಮೇಲೆ ಬರುವಾಗ ಮೊದಲು ಮೂತಿ ಎತ್ತುತ್ತದೆ, ಆಮೇಲೆ ಗೂನು, ಆ ಗೂನಿನ ಮೇಲೆ ಪುಟ್ಟ ರೆಕ್ಕೆ. ಇದು ಆಳ ನೀರಿಗೆ ಹೋಗುವ ಪ್ರಾಣಿಯಲ್ಲ. ಹೆಚ್ಚೆಂದರೆ 25–30 ಮೀಟರ್ ಆಳದ ಒಳಗೆ, ದಡದಿಂದ ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಅದರ ಇಡೀ ಬದುಕು. ಮನುಷ್ಯನ ಬಂದರು, ಬಲೆ, ಕೊಳಚೆ, ಪ್ರವಾಸಿ ದೋಣಿ ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ. ಅದಕ್ಕೆ ಸರಿದು ಹೋಗಲು ಜಾಗವಿಲ್ಲ. ಕಾಳಿಗೆ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಕುಮಟಾದ ಹತ್ತಿರ ಕಡಲು ಸೇರುವ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಎರಡೂ ಅಳಿವೆಗಳಲ್ಲಿ ಕೂತು ನೋಡಿದವಳಿಗೆ ಹೊಳೆ ತನ್ನ ಲಯದಲ್ಲಿ ಹರಿಯುವುದು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪಿಎಚ್‌ಡಿಗೆ ಸೇರಿದ ಮೇಲೆ ಲೆಕ್ಕದ ಶಾಸ್ತ್ರ ಶುರುವಾಯಿತು. ನಕ್ಷೆಯ ಮೇಲೆ ಅಂಕುಡೊಂಕು ಗೆರೆ ಎಳೆದು, ದೋಣಿಯನ್ನು ಅದೇ ಗೆರೆಯ ಮೇಲೆ, ಅದೇ ವೇಗದಲ್ಲಿ ಓಡಿಸಬೇಕು. ಎಡಕ್ಕೊಬ್ಬರು ಬಲಕ್ಕೊಬ್ಬರು ಕಣ್ಣಿಟ್ಟಿರಬೇಕು. ಕಂಡರೆ ಕೋನ ಎಷ್ಟು, ದೂರ ಎಷ್ಟು, ಗುಂಪಿನಲ್ಲಿ ಎಷ್ಟು, ಮರಿ ಇದೆಯಾ. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಬೇಕು, ಇಲ್ಲವಾದರೆ ಕಣ್ಣು ಸೋತು ಅಲೆಯೇ ಡಾಲ್ಫಿನ್ ಆಗಿಬಿಡುತ್ತದೆ. ಅಕ್ಟೋಬರದಿಂದ ಫೆಬ್ರವರಿಯವರೆಗೆ ಬೆಳಗಿನ ಕಡಲು ಶಾಂತ. ಹನ್ನೊಂದರ ಮೇಲೆ ಪಡುಗಾಳಿ ಎದ್ದು ನೀರಿನ ಮೇಲೆ ಬಿಳಿ ನೊರೆ ಕಂಡಿತೋ, ಕೆಲಸ ನಿಲ್ಲಿಸಿ ವಾಪಸು. ರೆಕ್ಕೆಯೂ ಇಲ್ಲದ, ಜಿಗಿಯದ, ಉಸಿರಿಗೆ ಅರೆಕ್ಷಣ ಬೆನ್ನು ತೋರಿಸಿ ಇಳಿಯುವ ಕಡಲಹಂದಿ ಕಾಣಬೇಕಾದರೆ ಸಮುದ್ರ ಎಣ್ಣೆ ಸುರಿದಂತೆ ಇರಬೇಕು.

ಎಷ್ಟೋ ದಿನ ಆರು ತಾಸು ನೋಡಿ ‘ಏನೂ ಕಾಣಲಿಲ್ಲ’ ಅಂತ ಬರೆದು ಬಂದಿದ್ದೇನೆ. ಆ ಸೊನ್ನೆಗಳೂ ಲೆಕ್ಕವೇ, ಅವಿಲ್ಲದೆ ಎಣಿಕೆ ನಿಲ್ಲುವುದಿಲ್ಲ. ಹೆಂಗಸರಿಗೆ ಇನ್ನೊಂದು ಪಾಡು. ದೋಣಿಯಲ್ಲಿ ಶೌಚಕ್ಕೆ ಜಾಗವಿಲ್ಲ. ನಸುಕಿನಿಂದ ನೀರು ಕುಡಿಯದೆ ಹೋಗುತ್ತಿದ್ದೆ, ಬಿಸಿಲಲ್ಲಿ ತಲೆ ಸಿಡಿಯುತ್ತಿತ್ತು. ಎರಡು ಸಲ ಮೂತ್ರಕೋಶದ ಸೋಂಕಾಗಿ ಆಸ್ಪತ್ರೆ ಸೇರಿದೆ. ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗಿಯರು ನನ್ನ ಹತ್ತಿರ ಬಂದಾಗ ಬಲೆ, ಕ್ಯಾಮೆರಾಗಳ ಮಾತಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಈಗ ನಮ್ಮ ಸಮೀಕ್ಷೆಯ ದೋಣಿಯಲ್ಲಿ ಪರದೆ ಕಟ್ಟಿ ಬಕೆಟ್ ಇಡುವುದು ಕಡ್ಡಾಯ. ಅದೊಂದು ಏರ್ಪಾಟಿಗೆ ಎಂಟು ವರ್ಷ ಬೇಕಾಯಿತು.

ಬಿಡಿ ಪ್ರಾಣಿಗಳನ್ನು ಗುರುತಿಸುವುದನ್ನು ಕಲಿಯಲು ಒಡಿಶಾದ ಚಿಲಿಕಾ ಸರೋವರಕ್ಕೂ ಹೋಗಿದ್ದೆ. ದೀಪಾನಿ ಸುತಾರಿಯಾ ಅಲ್ಲಿನ ಇರಾವಡ್ಡಿ ಡಾಲ್ಫಿನ್‌ಗಳ ಮೇಲೆ ಪಿಎಚ್‌ಡಿ ಮಾಡಿದವರು. ಆ ಕೆಲಸವನ್ನು ಓದಿಯೇ ನನಗೆ ನಮ್ಮ ದೇಶದಲ್ಲೂ ಇದನ್ನು ಬದುಕಿನ ಕಸುಬಾಗಿ ಹಿಡಿಯಬಹುದು ಎಂಬ ಧೈರ್ಯ ಬಂದದ್ದು. ಡಾಲ್ಫಿನ್ನಿನ ಬೆನ್ನುರೆಕ್ಕೆಯ ಹಿಂದಿನ ಅಂಚಿನಲ್ಲಿ ಕಚ್ಚು, ಗೀರು, ಹರಕು ಇರುತ್ತವೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ದೋಣಿ ಕುಲುಕುವಾಗ, ರೆಕ್ಕೆ ಒಂದು ಕ್ಷಣ ಕಂಡಾಗ, ಬೆಳಕು ಸರಿಯಿರುವ ಕಡೆಯಿಂದ ಫೋಟೊ ತೆಗೆಯಬೇಕು. ಸಾವಿರ ತೆಗೆದರೆ ಕೆಲವು ನಿಲ್ಲುತ್ತವೆ. ಆಮೇಲೆ ಕೋಣೆಯಲ್ಲಿ ಕೂತು ಹಳೆಯ ಫೋಟೊಗಳ ಪಕ್ಕ ಒಂದೊಂದನ್ನೇ ಇಟ್ಟು ನೋಡುವುದು. ಸಂಖ್ಯೆ ಕೊಡುತ್ತೇವೆ, ಹೆಸರಿಡುವುದಿಲ್ಲ. ಕೆ 17 ಎಂಬುದರ ರೆಕ್ಕೆಯ ತುದಿ ಹಾರಿಹೋಗಿದೆ, ಬುಡದಲ್ಲಿ ದಾರ ಕೊಯ್ದ ಆಳವಾದ ಗೆರೆ ಇದೆ. ಎಂದೋ ಬಲೆಗೆ ಸಿಕ್ಕಿ ಬಿಡಿಸಿಕೊಂಡದ್ದು. ಅದನ್ನು ಕಾಳಿಯ ಬಾಯಲ್ಲೂ ನೋಡಿದ್ದೇನೆ, ಅಘನಾಶಿನಿಯ ಬಾಯಲ್ಲೂ ನೋಡಿದ್ದೇನೆ. ಎಂಟು ವರ್ಷ ಕಂಡಿತು. ಐದು ವರ್ಷದಿಂದ ಕಂಡಿಲ್ಲ. ಫೋಟೊ ಹೊಂದಿಸಲು ಕೂತಾಗಲೆಲ್ಲ ಮೊದಲು ನನ್ನ ಕಣ್ಣು ಹುಡುಕುವುದು ಅದನ್ನೇ.

ನೀರಿನೊಳಗೆ ಮೈಕ್ ಇಳಿಬಿಟ್ಟು ಮೊದಲ ಸಲ ಕೇಳಿದ ದಿನ ಮರೆಯುವಂಥದ್ದಲ್ಲ. ಕಡಲ ತಳ ನಿಶ್ಶಬ್ದ ಅಂದುಕೊಂಡಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿದರೆ ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದು. ಕಲ್ಲಿನ ಸಂದಿಯಲ್ಲಿರುವ ಒಂದು ಜಾತಿಯ ಶೆಟ್ಲಿ, ಅಂದರೆ ಸಿಗಡಿ, ತನ್ನ ಇಕ್ಕಳ ಸಿಡಿಸುವ ಸದ್ದು ಅದು. ಅದರ ಮೇಲೆ ಡಾಲ್ಫಿನ್ನಿನ ಸಿಳ್ಳು, ಬಾಗಿಲು ಕಿರುಗುಟ್ಟಿದಂತೆ ಒತ್ತೊತ್ತಾದ ಟಿಕ್ ಟಿಕ್. ಕಡಲಹಂದಿಯದ್ದು ಮಾತ್ರ ನಮ್ಮ ಕಿವಿಗೆ ಎಟುಕದು, ಸುಮಾರು 1,30,000 ಹರ್ಟ್ಸ್‌ನ ಸದ್ದು. ನಮಗೆ ಕೇಳುವುದು 20,000ದವರೆಗೆ. ಯಂತ್ರವೇ ಕೇಳಿ ನಮಗೆ ಗೆರೆಯಾಗಿ ತೋರಿಸಬೇಕು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ, ಕಲಕಿದ ಹೊಳೆನೀರಿನಲ್ಲಿ ಇವುಗಳಿಗೆ ಕಿವಿಯೇ ಕಣ್ಣು. ಆವತ್ತು ಹತ್ತು ನಿಮಿಷ ಕೇಳಿರಬೇಕು, ದೂರದಿಂದ ಒಂದು ಟ್ರಾಲ್ ಬೋಟು ಬಂತು. ಸಿಳ್ಳು ಹೋಯಿತು, ಟಿಕ್ ಟಿಕ್ ಹೋಯಿತು, ಎಂಜಿನ್ ಒಂದೇ ಉಳಿಯಿತು. ಬೋಟು ದಾಟಿ ಹೋಗಲು ಇಪ್ಪತ್ತು ನಿಮಿಷ. ಆಮೇಲೆ ಮೂರು ಪ್ರವಾಸಿ ದೋಣಿಗಳು ಬಂದು ಗುಂಪನ್ನು ಸುತ್ತುಗಟ್ಟಿದವು, ಮಕ್ಕಳು ಚಪ್ಪಾಳೆ ತಟ್ಟಿದರು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ದೋಣಿ ದೂರದಲ್ಲಿ ಎಂಜಿನ್ ಆರಿಸಿ ನಿಂತರೆ ಡಾಲ್ಫಿನ್ ತಾನೇ ಹತ್ತಿರ ಬರುತ್ತದೆ. ಹಾಗೆ ನಿಲ್ಲಿಸುವ ನಾಲ್ಕು ಜನ ದೋಣಿಯವರು ಈಗ ನಮ್ಮ ಕಡೆ ಇದ್ದಾರೆ, ಉಳಿದವರಿಗೂ ಅವರೇ ಹೇಳುತ್ತಿದ್ದಾರೆ.

ಇಷ್ಟು ಚುರುಕು ಕಿವಿಯ ಪ್ರಾಣಿ ಬಲೆಗೆ ಯಾಕೆ ಬೀಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ತೆಳು ನೈಲಾನಿನಿಂದ ಮರುದನಿ ಬಹಳ ಕ್ಷೀಣ. ಜೊತೆಗೆ ಅವು ಸದಾ ಸದ್ದು ಮಾಡುತ್ತ ಹೋಗುವುದಿಲ್ಲ, ಗೊತ್ತಿರುವ ದಾರಿಯಲ್ಲಿ ನಾವು ಕತ್ತಲಲ್ಲಿ ನಡೆದ ಹಾಗೆ ನಡೆಯುತ್ತವೆ. ಬಲೆಯಲ್ಲಿ ಮೊದಲೇ ಮೀನು ಸಿಕ್ಕಿದ್ದರೆ ಅದನ್ನು ಕಿತ್ತು ತಿನ್ನಲು ಬರುವುದೂ ಉಂಟು. ಆಗ ಬಲೆ ಹರಿಯುತ್ತದೆ, ಮೀನುಗಾರನಿಗೆ ನಷ್ಟ. ಒಮ್ಮೆ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾರದೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಜಗತ್ತಿನಾದ್ಯಂತ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ತಿಮಿಂಗಿಲ, ಡಾಲ್ಫಿನ್, ಪಾರ್ಪಾಯಿಸ್‌ಗಳು ಹೀಗೆ ಸಾಯುತ್ತವೆ ಅಂತ ಅಂದಾಜು. ನಮ್ಮ ಕಡಲಹಂದಿಯ ಬಂಧು ವಕೀಟಾ ಮೆಕ್ಸಿಕೊದ ಒಂದೇ ಕೊಲ್ಲಿಯಲ್ಲಿದೆ, ಗಿಲ್‌ನೆಟ್‌ಗೆ ಸಿಕ್ಕು ಸಿಕ್ಕು ಈಗ ಹತ್ತರ ಆಸುಪಾಸಿಗೆ ಬಂದು ನಿಂತಿದೆ. ಚೀನಾದ ಯಾಂಗ್‌ಟ್ಸಿ ನದಿಯ ಬೈಜಿ ಡಾಲ್ಫಿನ್ನನ್ನು 2006ರಲ್ಲಿ ಆರು ವಾರ ಹುಡುಕಿದರು. ಒಂದೂ ಸಿಗಲಿಲ್ಲ.

ನಮ್ಮ ಹಂಪ್‌ಬ್ಯಾಕ್ ಡಾಲ್ಫಿನ್ 2014ರವರೆಗೆ ಆಗ್ನೇಯ ಏಷ್ಯಾ, ಚೀನಾದವುಗಳ ಜಾತಿಯದ್ದೇ ಅಂತ ಲೆಕ್ಕದಲ್ಲಿತ್ತು. ಆ ವರ್ಷ ಅದನ್ನು ಬೇರೆ ಜಾತಿಯೆಂದು ಒಪ್ಪಿದರು, ಸೂಸಾ ಪ್ಲಂಬಿಯಾ. ದಕ್ಷಿಣ ಆಫ್ರಿಕಾದಿಂದ ನಮ್ಮ ಕರಾವಳಿಯವರೆಗೆ ದಡದ ತೆಳು ಪಟ್ಟಿಯಲ್ಲಿ ಹರಡಿರುವ ಪ್ರಾಣಿ. ಬೇರೆಯೆಂದು ತಿಳಿದ ಮೇಲೆ ಎಷ್ಟು ಕಡಿಮೆ ಎಂಬುದೂ ತಿಳಿಯಿತು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈಗ ಅದು ಅಳಿವಿನಂಚಿನ ಸಾಲಿನಲ್ಲಿದೆ. ನಾನು ನೋಟುಬುಕ್ಕುಗಳ ಮೇಲೆ ಹಳೆಯ ಹೆಸರು ಹೊಡೆದು ಹೊಸದು ಬರೆದೆ.

2017ರ ಕೊನೆಯ ತಿಂಗಳುಗಳನ್ನೂ ಹೇಳಬೇಕು. ಅರಬ್ಬಿ ಸಮುದ್ರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಒಂದು ಚಿಕ್ಕ ಕುಲ ಇದೆ. ಬೇರೆ ಸಮುದ್ರದ ಹಂಪ್‌ಬ್ಯಾಕ್‌ಗಳಂತೆ ಧ್ರುವದ ತಂಪು ನೀರಿಗೆ ವಲಸೆ ಹೋಗದೆ ಸುಮಾರು 70,000 ವರ್ಷದಿಂದ ಇಲ್ಲೇ ಉಳಿದವು. 1960ರ ದಶಕದ ನಡುವೆ ಸೋವಿಯತ್ ಹಡಗುಗಳು ಕದ್ದುಮುಚ್ಚಿ ಈ ಕುಲದ 242 ತಿಮಿಂಗಿಲಗಳನ್ನು ಕೊಂದವು, ಆ ಲೆಕ್ಕ ಹೊರಬಂದದ್ದು ದಶಕಗಳ ನಂತರ. ಒಮಾನಿನ ನೀರಿನಲ್ಲಿ ಉಳಿದವು ನೂರಕ್ಕಿಂತ ಕಡಿಮೆ ಅಂತ ಅಂದಾಜು. 2017ರ ನವೆಂಬರಿನಲ್ಲಿ ಅಲ್ಲಿನ ತಂಡ ಒಂದು ಹೆಣ್ಣಿಗೆ ಉಪಗ್ರಹದ ಮೂಲಕ ಜಾಡು ತಿಳಿಸುವ ಯಂತ್ರ ಹಚ್ಚಿತು, ಲುಬಾನ್ ಅಂತ ಅವಳ ಹೆಸರು. ಅವಳು 1,500 ಕಿಲೋಮೀಟರಿಗೂ ಹೆಚ್ಚು ಕಡಲನ್ನು ಅಡ್ಡ ಹಾಯ್ದು ಗೋವಾದ ಕಡೆ ಬಂದಳು, ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೆ ಹೋಗಿ, ಕೆಲವು ವಾರ ಇದ್ದು, ಮತ್ತೆ ಒಮಾನಿಗೆ ಮರಳಿದಳು. ಗೋವಾದಿಂದ ಕನ್ಯಾಕುಮಾರಿಗೆ ಅಂದರೆ ನಡುವೆ ಇರುವುದು ನಾವೇ. ಆ ನಕ್ಷೆಯನ್ನು ನಾನು ತಾಂಡೇಲ ಮಾಮನಿಗೆ ಫೋನಿನಲ್ಲಿ ತೋರಿಸಿದೆ. ಅವರು ಬೆರಳಿನಿಂದ ಆ ಗೆರೆಯನ್ನು ಎರಡು ಸಲ ಸವರಿದರು. “ಒಂಟಿಯಾಗೇ ಬಂದಿತ್ತ?” ಅಂದರು. ಆಮೇಲೆ ತಮ್ಮ ಅಜ್ಜ ನೀರಿನಡಿ ಹಾಡು ಕೇಳಿದ್ದ ಕತೆ ಹೇಳಿದರು, ದೋಣಿಯ ಹಲಗೆಗೆ ಕಿವಿ ಹಚ್ಚಿ.

ಸತ್ತವುಗಳ ಮಾತು ಬಂದದ್ದು ಅವರೇ ತೆಗೆದು. ಅವರ ದೋಣಿ ಹತ್ತಿದ ಮೂರನೇ ವರ್ಷ ಒಂದು ನಸುಕಿಗೆ ಫೋನು. “ಅಕ್ಕೋರೆ, ಒಂದು ಸತ್ತು ಬಂದಿದೆ. ಬರ್ಕಳಿ. ಹೆಸ್ರು ಬೇಡ.” ಬಲೆಯ ಕಣ್ಣು, ಆಳ, ಎಷ್ಟು ಹೊತ್ತಿಗೆ ಬಿಟ್ಟದ್ದು, ಎಷ್ಟು ಹೊತ್ತಿಗೆ ಎಳೆದದ್ದು, ಎಲ್ಲ ಹೇಳಿದರು. ಮುಂದಿನ ವಾರ ಅವರ ಭಾವ, ಆಮೇಲೆ ಇನ್ನೊಬ್ಬರು. ಒಂದೂ ಇಲ್ಲ ಅಂದಿದ್ದ ಬಂದರುಗಳಿಂದಲೇ ಫೋನು ಬರತೊಡಗಿತು. ಯಾವ ಆಳದಲ್ಲಿ, ಯಾವ ಬಲೆಯಲ್ಲಿ, ಎಷ್ಟು ಹೊತ್ತು ನೀರಿನಲ್ಲಿ ಬಿಟ್ಟಾಗ ಹೆಚ್ಚು ಸಾಯುತ್ತವೆ ಎಂಬ ಚಿತ್ರ ಮೂಡಿದ್ದು ಆಗ. ನನ್ನ ಪ್ರಬಂಧದಲ್ಲಿ ಬೆಲೆ ಬಾಳುವ ಅಧ್ಯಾಯ ಅದೊಂದೇ, ಅದರ ಒಂದೊಂದು ಅಂಕಿಯೂ ಹೆದರಿಕೆ ದಾಟಿ ಬಂದದ್ದು.

ಪ್ರಬಂಧದ ಸುದ್ದಿ ಹಬ್ಬಿದ ಮೇಲೆ ಒಂದು ಕಚೇರಿಯಿಂದ ಪತ್ರ ಬಂತು, ದೋಣಿಗಳ ಹೆಸರು ಕೊಡಬೇಕು ಅಂತ. ನಾನು ಬರೆದಿಲ್ಲ, ನನ್ನ ಪುಸ್ತಕದಲ್ಲಿಲ್ಲ ಎಂದು ಉತ್ತರಿಸಿದೆ. ಅದು ನಿಜ. ಮರುವರ್ಷದ ಸಮೀಕ್ಷೆಯ ಅನುಮತಿ ಏಳು ತಿಂಗಳು ತಡವಾಯಿತು, ಒಂದಿಡೀ ಹಂಗಾಮು ಹೋಯಿತು, ಜೊತೆಗಿದ್ದ ಇಬ್ಬರು ಹುಡುಗರಿಗೆ ಸಂಬಳ ಕೊಡಲಾಗಲಿಲ್ಲ. ಅವರಲ್ಲೊಬ್ಬ ಬೆಂಗಳೂರಿಗೆ ಹೋಗಿ ಬೇರೆ ಕೆಲಸ ಹಿಡಿದ. ಅವನಷ್ಟು ಚುರುಕಾಗಿ ಕಡಲಹಂದಿಯನ್ನು ಕಾಣುವ ಕಣ್ಣು ನನಗೆ ಮತ್ತೆ ಸಿಗಲಿಲ್ಲ. ಅದರ ನೋವು ಇನ್ನೂ ಇದೆ. ಆದರೂ ಆ ಹೆಸರುಗಳನ್ನು ಕೊಟ್ಟಿದ್ದರೆ ಇಡೀ ಕರಾವಳಿಯಲ್ಲಿ ಮತ್ತೊಂದು ಫೋನು ಬರುತ್ತಿರಲಿಲ್ಲ. ಅಂಕಿಯಿಲ್ಲದೆ ಉಳಿಸುವುದು ಏನನ್ನು?

2016ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ತಮಗೆ ಮೀನು, ಶೆಟ್ಲಿ ಕಳಿಸುವ ದೇಶಗಳು ಬಲೆಯಲ್ಲಿ ಕಡಲ ಸಸ್ತನಿ ಸಾಯದಂತೆ ತಮ್ಮಷ್ಟೇ ಬಿಗಿಯಾದ ಕ್ರಮ ಇಟ್ಟುಕೊಂಡಿರಬೇಕು, ಇಲ್ಲವಾದರೆ ಕೊಳ್ಳುವುದಿಲ್ಲ ಅಂತ. ನಮ್ಮಲ್ಲಿ ಎಷ್ಟಿವೆ, ಎಷ್ಟು ಸಾಯುತ್ತಿವೆ ಎಂಬ ಪ್ರಶ್ನೆಗೆ ಆಗ ಬೆಲೆ ಬಂತು. ಕೇಂದ್ರ ಸರ್ಕಾರದ ಮೀನುಗಾರಿಕಾ ಸಂಸ್ಥೆಗಳು ಹಡಗು ಹೊರಡಿಸಿ ಎಣಿಕೆ ಶುರು ಮಾಡಿದವು. ಹೊರಗಿನ ಪೇಟೆ ಕೇಳಿದ ಮೇಲೆ ನಮ್ಮ ಪ್ರಾಣಿಯನ್ನು ನಾವು ಎಣಿಸಿದ್ದು ನನಗೆ ಸಂಕಟದ ಸಂಗತಿಯೇ. ಆದರೆ ಎಣಿಕೆ ನಡೆದದ್ದು ಒಳ್ಳೆಯದಾಯಿತು.

ಕಳೆದ ಜನವರಿಯ ಮಾತು. ತಾಂಡೇಲ ಮಾಮನಿಗೆ ಈಗ ಎಪ್ಪತ್ತರ ಹತ್ತಿರ, ದೋಣಿ ನಡೆಸುವವನು ಮಗ. ರಾತ್ರಿ ಮೂರೂವರೆಗೆ ಅವನ ಫೋನು. “ಅಕ್ಕೋರೆ, ದೊಡ್ಡದು, ಗೂನಿಂದು, ಉಸ್ರಾಡ್ತಾ ಉಂಟು. ಎಂತ ಮಾಡುದು?” ಮೂಗಿನ ರಂಧ್ರ ನೀರಿನ ಮೇಲೆ ಇರುವಂತೆ ಹಿಡಿಯಿರಿ, ಬಾಲ ಎಳೆಯಬೇಡಿ, ಬಲೆ ಕೊಯ್ಯಿರಿ ಅಂದೆ. ಆಚೆ ಒಂದು ಕ್ಷಣ ಮೌನ. ಆ ಮೌನದಲ್ಲಿ ಬಲೆಯ ಬೆಲೆ ಇತ್ತು, ಅದು ನನಗೂ ಗೊತ್ತಿತ್ತು. ಆಮೇಲೆ ಹಿಂದಿನಿಂದ ಮುದುಕರ ದನಿ ಕೇಳಿತು, “ಕೊಯ್ಯೋ!” ಮಗನಿಗೆ ಧೈರ್ಯವಾಗಲಿ ಅಂತ ಆವತ್ತು ಅವರೂ ಹೋಗಿದ್ದರಂತೆ. ನಾಲ್ಕು ಗಂಟೆಗೆ ಇನ್ನೊಂದು ಫೋನು. ಹೋಯಿತು, ಎರಡು ಸಲ ಉಸಿರು ಬಿಟ್ಟ ಸದ್ದು ಕೇಳಿತು, ಆಮೇಲೆ ಕತ್ತಲು.

ಮಹಾರಾಷ್ಟ್ರದಲ್ಲಿ 2018ರ ಕೊನೆಯಿಂದ ಒಂದು ಪದ್ಧತಿ ಇದೆ. ಬಲೆಗೆ ಬಿದ್ದ ಸಂರಕ್ಷಿತ ಪ್ರಾಣಿಯನ್ನು ಬಲೆ ಕೊಯ್ದು ಬಿಟ್ಟ ಮೀನುಗಾರ ಅದರ ಫೋಟೊ ತೋರಿಸಿದರೆ ಬಲೆಯ ನಷ್ಟಕ್ಕೆ 25,000 ರೂಪಾಯಿಯವರೆಗೆ ಪರಿಹಾರ ಸಿಗುತ್ತದೆ. ತಿಮಿಂಗಿಲ ಶಾರ್ಕ್, ಆಮೆ, ಡಾಲ್ಫಿನ್‌ಗಳು ಹೀಗೆ ನೀರಿಗೆ ಮರಳಿವೆ. ನಾನು ಹೋದ ಸಭೆಯಲ್ಲೆಲ್ಲ ಇದನ್ನು ಹೇಳುತ್ತೇನೆ, ಬರೆದು ಕೊಡುತ್ತೇನೆ, ಮತ್ತೆ ಹೇಳುತ್ತೇನೆ. ಮಾಮನ ಮನೆಗೆ ಆ ಬಲೆಗಾಗಿ ಒಂದು ಪೈಸೆಯೂ ಬರಲಿಲ್ಲ.

ಬೆಳಿಗ್ಗೆ ನಾನು ದಂಡೆಗೆ ಹೋದಾಗ ತೆಂಗಿನ ನೆರಳಲ್ಲಿ ಬಲೆ ಹರಡಿ ಕೂತಿದ್ದರು. ನಡುವೆ ಒಂದಾಳು ನುಸುಳುವಷ್ಟು ತೂತು. ಹೆಣೆಯುವ ಸೂಜಿಗೆ ದಾರ ಸುತ್ತಿ ನನ್ನ ಕೈಗೂ ಒಂದು ಕೊಟ್ಟರು. ಈ ಕೆಲಸವನ್ನು ಅವರೇ ನನಗೆ ಕಲಿಸಿದ್ದು, ನನ್ನ ಗಂಟು ಇನ್ನೂ ಅವರ ಗಂಟಿನಷ್ಟು ಬಿಗಿಯಲ್ಲ. ಮಗ ಫೋನಿನಲ್ಲಿ ತೆಗೆದ ಫೋಟೊ ತೋರಿಸಿದ. ಟಾರ್ಚಿನ ಬೆಳಕಲ್ಲಿ ಒದ್ದೆ ಬೆನ್ನು, ಅರ್ಧ ರೆಕ್ಕೆ, ಅದರ ಹಿಂದೆ ಇನ್ನೊಂದು ಸಣ್ಣ ಬೆನ್ನು. ರೆಕ್ಕೆಯ ತುದಿ ಕಾಣುತ್ತಿರಲಿಲ್ಲ. ದೊಡ್ಡದು ಮಾಡಿ ನೋಡಿದೆ, ಬಿಸಿಲಿಗೆ ಮರೆ ಮಾಡಿ ನೋಡಿದೆ. ಹೇಳುವಂತಿರಲಿಲ್ಲ. “ಮರಿ ಬಿಟ್ಟು ಹೋಗ್ಲಿಲ್ಲ ನೋಡಿ, ಸುತ್ತ ತಿರಗ್ತಾ ಇತ್ತು,” ಅಂದ. ನಾನು ಸೂಜಿ ತೊಡೆಯ ಮೇಲಿಟ್ಟು ಹನ್ನೊಂದನೇ ಪುಸ್ತಕ ತೆಗೆದೆ. ಆಳ ಎಷ್ಟಿತ್ತು ಅಂತ ಕೇಳಿದೆ. ಏಳು ಮಾರು, ಅಂದರು ಮಾಮ, ಗಂಟು ಬಿಗಿಯುತ್ತ.